92 ಕೆಜಿಯೂ ಒಂದು ಸೈಕಲ್ಲೂ



ಉದ್ದದ ಪೋಸ್ಟು, ಪುರುಸೊತ್ತಾದಾಗ ಓದಿ. ಬರೀಬೇಕಾ ಬೇಡ್ವಾ ಅಂತ ಒಂದು ತಿಂಗಳಿಂದ ಯೋಚನೆ ಮಾಡ್ತಿದ್ದೆ. ಮೀಸಲಾತಿ, ಭೂಮಿ, ಹಾಸ್ಟೆಲ್ ಸಮಸ್ಯೆ, ದೌರ್ಜನ್ಯದ ಕೇಸು, ಇವುಗಳ ಬಗ್ಗೆ ಬರೆಯುವಾಗ ನನಗೆ ಯಾವತ್ತೂ ಅಂಜಿಕೆ ಆಗಿಲ್ಲ. ನನ್ನ ಮೈ ಬಗ್ಗೆ ಬರೆಯೋಕೆ ಕೂತರೆ ಮಾತ್ರ ನಾಲ್ಕು ಸಾಲು ಬರೆದು ಅಳಿಸಿಬಿಡ್ತೀನಿ. ಈ ಸಲ ಅಳಿಸಲ್ಲ.

ನನಗೆ 43 ವರ್ಷ. ತೂಕ 92 ಕೆಜಿ. ಹೋದ ವರ್ಷದ ಡಿಸೆಂಬರ್‌ವರೆಗೂ ನನಗೆ ಸೈಕಲ್ ಹೊಡೆಯೋಕೆ ಬರ್ತಿರಲಿಲ್ಲ. ಈಗ ಬರುತ್ತೆ. ವಿಷಯ ಇಷ್ಟೇ.

ನಮ್ಮ ಸಂಘಟನೆಯವರು ಪ್ರತಿ ಏಪ್ರಿಲ್ 14ಕ್ಕೆ ಅಶೋಕಪುರಂನಿಂದ ಮೈಸೂರು ಪುರಭವನದ ಮುಂದಿರುವ ಬಾಬಾಸಾಹೇಬರ ಪ್ರತಿಮೆವರೆಗೆ ಸೈಕಲ್ ಜಾಥಾ ಹೋಗ್ತೀವಿ. ಹೆಚ್ಚೆಂದರೆ ಮೂರ್ನಾಲ್ಕು ಕಿಲೋಮೀಟರ್. 1983ರಲ್ಲಿ ಕಾನ್ಶಿರಾಂ ಸಾಹೇಬರು ಡಿಎಸ್-4 ಹೆಸರಲ್ಲಿ ಸೈಕಲ್ ಯಾತ್ರೆ ಹೊರಟು ಉತ್ತರ ಭಾರತದ ಹಳ್ಳಿಗಳನ್ನ ಮುಟ್ಟಿದ್ದನ್ನ ಪ್ರತಿ ವರ್ಷ ಭಾಷಣದಲ್ಲಿ ಹೇಳ್ತೀವಿ. ಕಾರಿಲ್ಲದ, ಪೆಟ್ರೋಲಿಗೆ ಕಾಸಿಲ್ಲದ ಜನಕ್ಕೆ ಸೈಕಲ್ಲೇ ರಥ ಅಂತ ನಾನೇ ಮೈಕ್ ಹಿಡಿದು ಎಷ್ಟೋ ಸಲ ಹೇಳಿದ್ದೀನಿ. ಹೇಳ್ತಿದ್ದದ್ದು ಆಟೋದಲ್ಲಿ ಕೂತು. ಹನ್ನೊಂದು ವರ್ಷ ನಾನು ಜಾಥಾದ ಹಿಂದೆ ಬರುವ ಆಟೋದಲ್ಲಿ ನೀರಿನ ಕ್ಯಾನು, ಬ್ಯಾನರು, ಮೈಕ್ ಸೆಟ್ ಜೊತೆ ಕೂತಿದ್ದೆ. "ಯಾರಾದ್ರೂ ಒಬ್ರು ಸಾಮಾನು ನೋಡ್ಕೋಬೇಕಲ್ಲಪ್ಪ" ಅಂತಿದ್ದೆ. ಸಾಮಾನು ನೋಡ್ಕೊಳ್ಳೋದು ನನ್ನ ನೆಪ.

ಹೋದ ವರ್ಷ ಡಿಸೆಂಬರ್ 6ರ ಕಾರ್ಯಕ್ರಮ ಮುಗಿಸಿ ಟೀ ಕುಡೀತಾ ಮುಂದಿನ ಜಾಥಾದ ಮಾತು ಬಂತು. ಒಬ್ಬ ಹುಡುಗಿ, ಈಗಷ್ಟೇ ಸಂಘಟನೆಗೆ ಬಂದವಳು, "ಅಕ್ಕ, ಈ ಸಲ ನೀವೂ ಸೈಕಲ್ ಮೇಲೆ ಬನ್ನಿ" ಅಂದಳು. ನಾನು ಬಾಯಿ ತೆಗೆಯೋ ಮೊದಲೇ ನಮ್ಮ ತಮ್ಮ ಒಬ್ಬ, "ಅಕ್ಕಂಗೆ ಲಾರಿ ಟೈರ್ ಹಾಕಿಸ್ಬೇಕಾಯ್ತದೆ" ಅಂದ. ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ದಪ್ಪ ಇರೋರಿಗೆ ಈ ವಿದ್ಯೆ ಚೆನ್ನಾಗಿ ಗೊತ್ತಿರುತ್ತೆ. ಬೇರೆಯವರಿಗಿಂತ ಮೊದಲು ನಾವೇ ನಕ್ಕುಬಿಟ್ಟರೆ ನೋವು ಸ್ವಲ್ಪ ಕಮ್ಮಿ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಆ ತಮ್ಮನ ಮೇಲೆ ಸಿಟ್ಟಿರಲಿಲ್ಲ. ನಾನ್ಯಾಕೆ ನಕ್ಕೆ ಅನ್ನೋದೇ ಕೊರೀತಿತ್ತು.

ಡಿಗ್ರಿ ಓದುವಾಗ ನನ್ನ ಹಿಂದೆ ಒಂದು ಮಾತು ಓಡಾಡ್ತಿತ್ತು: "ರಿಸರ್ವೇಶನ್ ತಿಂದು ಹೆಂಗೆ ಊದ್ಕೊಂಡಿದ್ದಾಳೆ ನೋಡು." ಸ್ಕಾಲರ್‌ಶಿಪ್ ದುಡ್ಡು ಬಂದ ತಿಂಗಳು ಕ್ಯಾಂಟೀನಿನಲ್ಲಿ ಒಂದು ವಡೆ ಜಾಸ್ತಿ ತಗೊಂಡರೆ ಯಾರೋ ಕೆಮ್ಮೋರು. ನಮ್ಮ ಜನ ಅಂದ್ರೆ ಅವರ ತಲೆಯಲ್ಲಿ ಒಂದು ಚಿತ್ರ ಇದೆ. ಎಲುಬು ಕಾಣಬೇಕು, ಕೆನ್ನೆ ಒಳಗೆ ಹೋಗಿರಬೇಕು, ಆಗ ಅಯ್ಯೋ ಪಾಪ ಅಂತಾರೆ. ಮೈ ತುಂಬಿಕೊಂಡ ದಲಿತ ಹೆಂಗಸು ಕಂಡರೆ ಕೊಬ್ಬು ಅಂತಾರೆ. ಆ ಪದಕ್ಕೆ ಕನ್ನಡದಲ್ಲಿ ಎರಡು ಅರ್ಥ ಇರೋದು ನಿಮಗೂ ಗೊತ್ತು. ನನ್ನ ಮೇಲೆ ಎರಡನ್ನೂ ಒಟ್ಟಿಗೇ ಎಸೀತಿದ್ರು.

ನಮ್ಮವ್ವನ ಲೆಕ್ಕ ಬೇರೆ ಇತ್ತು. ಅವಳು ನಾಟಿ, ಕಳೆ ಕೆಲಸಕ್ಕೆ ಹೋಗ್ತಿದ್ದವಳು, ಎಷ್ಟೋ ರಾತ್ರಿ ಬರೀ ಸಾರಿನ ನೀರು ಕುಡಿದು ಮಲಗಿದವಳು. ನಾನು ರಜಕ್ಕೆ ಊರಿಗೆ ಹೋದರೆ ನನ್ನ ತೋಳು ಹಿಡಿದು ನೋಡಿ, "ನನ್ ಮಗ ಹೊಟ್ಟೆ ತುಂಬ ಉಣ್ತಾವ್ಳೆ" ಅಂತ ಕೇರಿಗೆಲ್ಲ ಹೇಳ್ಕೊಂಡು ಬರ್ತಿದ್ದಳು. ಒಂದೇ ಮೈ. ಊರಲ್ಲಿ ಅವ್ವನಿಗೆ ಹೆಮ್ಮೆ, ಕಾಲೇಜಿನಲ್ಲಿ ನನಗೆ ನಾಚಿಕೆ. ನಾನು ಅವ್ವನ ಮಾತು ಬಿಟ್ಟು ಕಾಲೇಜಿನ ಮಾತನ್ನ ನಂಬಿದೆ.

ಇನ್ನು ಅಪ್ಪನ ಸೈಕಲ್ ವಿಷಯ. ನಂಜನಗೂಡು ಕಡೆಯ ಹಳ್ಳಿ ನಮ್ಮದು. ಅಪ್ಪನ ಹತ್ರ ಸೆಕೆಂಡ್ ಹ್ಯಾಂಡ್ ಅಟ್ಲಾಸ್ ಇತ್ತು. ಅದರಲ್ಲೇ ಲೋಡಿಂಗ್ ಕೆಲಸಕ್ಕೆ ಹೋಗ್ತಿದ್ದ. ನನ್ನನ್ನ ಕ್ಯಾರಿಯರ್ ಮೇಲೆ ಕೂರಿಸ್ಕೊಂಡು ಸ್ಕೂಲಿಗೆ ಬಿಡ್ತಿದ್ದ. ನಮ್ಮ ಕೇರಿಯಿಂದ ಸ್ಕೂಲಿಗೆ ಹೋಗಬೇಕಾದರೆ ದೊಡ್ಡ ಬೀದಿ ದಾಟಬೇಕು. ಆ ಬೀದಿ ಶುರುವಾಗುವ ಅರಳಿಮರದ ಹತ್ರ ಬಂದರೆ ಅಪ್ಪ ಇಳಿದುಬಿಡ್ತಿದ್ದ. "ಇಲ್ಲಿ ಚೈನ್ ಬಿದ್ದೋಯ್ತದ ಕನವ್ವ, ಇಳಿ" ಅಂತಿದ್ದ. ಗುಡಿ ದಾಟಿ ಬೀದಿ ಮುಗಿಯೋವರೆಗೂ ತಳ್ಕೊಂಡು ಹೋಗಿ, ಆಮೇಲೆ ಹತ್ತಿಸ್ಕೊಳ್ತಿದ್ದ. ನಾನು ತುಂಬಾ ವರ್ಷ ನಂಬಿದ್ದೆ. ಆ ಬೀದಿಯಲ್ಲಿ ಏನೋ ಕಲ್ಲು ಮುಳ್ಳು ಇರಬೇಕು, ಅದಕ್ಕೇ ಚೈನ್ ಬೀಳುತ್ತೆ ಅಂತ. ಏಳನೇ ಕ್ಲಾಸಿಗೆ ಬಂದಾಗ ಗೊತ್ತಾಯ್ತು, ಆ ಬೀದಿಯಲ್ಲಿ ಎಲ್ಲರ ಚೈನೂ ಬೀಳಲ್ಲ, ನಮ್ಮ ಕೇರಿಯವರದ್ದು ಮಾತ್ರ ಬೀಳುತ್ತೆ ಅಂತ. ಆಮೇಲೆ ನಾನು ಸೈಕಲ್ ಕೇಳಲೂ ಇಲ್ಲ, ಕಲಿಯಲೂ ಇಲ್ಲ. ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡಿದ್ದು 2006ರಲ್ಲಿ. ಅಷ್ಟೊತ್ತಿಗೆ ನನ್ನ ಓದು ಮುಗಿದಿತ್ತು.

ಆ ನಿದ್ದೆಗೆಟ್ಟ ರಾತ್ರಿ ನನಗೆ ಅನ್ನಿಸಿದ್ದು ಇದು. ದಪ್ಪ ಇದ್ದೀನಿ, ಅದಕ್ಕೇ ಸೈಕಲ್ ಹತ್ತಲ್ಲ ಅಂತ ನಾನು ಅಂದ್ಕೊಂಡಿದ್ದೆ. ಆದರೆ ರಸ್ತೆ ಮಧ್ಯೆ ಎಲ್ಲರ ಕಣ್ಣಿಗೆ ಬೀಳೋ ಹಂಗೆ ಎತ್ತರಕ್ಕೆ ಕೂರಬಾರದು ಅನ್ನೋ ಪಾಠ ನಾನು ದಪ್ಪ ಆಗೋಕೆ ಮೊದಲೇ, ಅರಳಿಮರದ ಹತ್ರ, ದಿನಾ ಎರಡು ಹೊತ್ತು ಕಲಿತಿದ್ದೆ.

ಮಾರನೇ ವಾರ ಸೈಕಲ್ ಅಂಗಡಿಗೆ ಹೋದೆ. ಅಂಗಡಿಯವನು ನನ್ನನ್ನ ಮೇಲಿಂದ ಕೆಳಗೆ ನೋಡಿ, "ಮಗಳಿಗಾ ಮೇಡಂ?" ಅಂದ. ನನಗೇ ಅಂದೆ. "ನಿಮ್ಗಾ? ರಿಮ್ ತಡ್ಕೊಳಲ್ಲ" ಅಂದ. ವಾಪಸ್ ಬಂದೆ. ಅಲ್ಲಿಗೇ ಮುಗೀಬೇಕಿತ್ತು ಕತೆ. ದಾರಿಯಲ್ಲಿ ಮರದ ಕೆಳಗೆ ಪಂಚರ್ ಹಾಕುವ ಅಜ್ಜ ಒಬ್ಬರು ಸಿಕ್ಕರು, ಪರಿಚಯದವರು. ಸುಮ್ನೆ ಕೇಳಿದೆ. ಅವರು ಬೀಡಿ ಪಕ್ಕಕ್ಕಿಟ್ಟು, "ಸಿಲಿಂಡರ್ ಹಾಕೋ ಹುಡುಗನ್ನ ನೋಡಿಲ್ವೇನವ್ವ?" ಅಂದರು. ಒಂದು ತುಂಬಿದ ಸಿಲಿಂಡರ್‌ನಲ್ಲಿ 14.2 ಕೆಜಿ ಗ್ಯಾಸು, ಕಬ್ಬಿಣ ಸೇರಿ ಹತ್ತಿರ ಹತ್ತಿರ 30 ಕೆಜಿ. ಎರಡು ಸಿಲಿಂಡರ್, ಮೇಲೆ ಅವನ ತೂಕ 60 ಅಂದ್ಕೊಂಡರೂ 120 ಆಯ್ತು. "ಹಳೇ ಕಾಲದ ಸೈಕಲ್ಗೆ ಮುಂದ್ಗಡೆ 32 ಕಡ್ಡಿ, ಹಿಂದ್ಗಡೆ 40. ಯಾಕಂತೀಯ? ಭಾರ ಹೊರೋಕೆ ಮಾಡಿರೋದೇ ಅದು. ನೀನ್ಯಾವ ಲೆಕ್ಕ?" ಅಂದರು. ಅವರೇ ಒಂದು ಹಳೇ ಲೇಡೀಸ್ ಸೈಕಲ್ ಹುಡುಕಿ, ಹಿಂದಿನ ಟೈರ್ ಹೊಸದು ಹಾಕಿ, 2,800 ರೂಪಾಯಿಗೆ ಕೊಟ್ಟರು. "ಗಾಳಿ ಮಾತ್ರ ವಾರವಾರ ನೋಡ್ಕೋ, ಹಿಂದ್ಗಡೆ ಮೆತ್ತಗೆ ಬುಡಬೇಡ" ಅಂದರು. ನನ್ನ ತೂಕದ ಬಗ್ಗೆ ಯಾರಾದರೂ ನಗದೆ, ಉಪದೇಶ ಮಾಡದೆ, ಬರೀ ಲೆಕ್ಕದ ಹಾಗೆ ಮಾತಾಡಿದ್ದು ಅದೇ ಮೊದಲು.

ಕಲಿಸಿದ್ದು ಟೀ ಕುಡಿಯುವಾಗ ನನ್ನನ್ನ ಕರೆದಿದ್ದ ಆ ಹುಡುಗಿಯೇ. ಕಲಿಯೋ ಆಸೆ ಇರೋರಿಗೆ ಉಪಯೋಗಕ್ಕೆ ಬರಲಿ ಅಂತ ಹೇಳ್ತೀನಿ. ಹಿಂದೆ ಯಾರೋ ಹಿಡ್ಕೊಂಡು ಓಡಿ ಬರೋದು ಬೇಡ, ನನ್ನಂಥವರನ್ನ ಹಿಡಿಯೋಕೂ ಆಗಲ್ಲ. ಎರಡೂ ಪೆಡಲ್ ಬಿಚ್ಚಿಬಿಡಿ. ಎಡಗಡೆ ಪೆಡಲ್ ಉಲ್ಟಾ ತಿರುಗಿಸಿದರೆ ಬಿಚ್ಚುತ್ತೆ, ಇದು ಗೊತ್ತಿಲ್ಲದೆ ನಾವು ಅರ್ಧ ಗಂಟೆ ಒದ್ದಾಡಿದೆವು. ಸೀಟು ಇಳಿಸಿ, ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಬೇಕು. ಆಮೇಲೆ ಕಾಲಲ್ಲಿ ನೆಲ ಒದ್ದು ಒದ್ದು ಹೋಗಿ. ಬ್ಯಾಲೆನ್ಸ್ ಬಂದ ಮೇಲೆ ಪೆಡಲ್ ಹಾಕಿ. ಯಾವ ಕಡೆ ಬೀಳ್ತೀವೋ ಆ ಕಡೆಗೇ ಹ್ಯಾಂಡಲ್ ಸ್ವಲ್ಪ ತಿರುಗಿಸಬೇಕು, ಆಗ ಎದ್ದು ನಿಲ್ಲುತ್ತೆ. ಚಕ್ರ ನೋಡಬಾರದು, ಮುಂದೆ ನೋಡಬೇಕು. ಕಲಿತ ಮೇಲೆ ಸೀಟು ಏರಿಸಿ, ಪೆಡಲ್ ಕೆಳಗಿದ್ದಾಗ ಮೊಣಕಾಲು ಒಂಚೂರು ಮಾತ್ರ ಮಡಚಿರಬೇಕು. ತಗ್ಗು ಸೀಟಿನಲ್ಲಿ ತುಳಿದು ತುಳಿದು ಮಂಡಿ ನೋವು ಬರಿಸ್ಕೊಂಡು, ಅದಕ್ಕೂ ತೂಕವೇ ಕಾರಣ ಅಂತ ನಾನು ಹತ್ತು ದಿನ ಅಂದ್ಕೊಂಡಿದ್ದೆ.

ಮೈದಾನದಲ್ಲಿ ಕ್ರಿಕೆಟ್ ಆಡೋ ಹುಡುಗರಿದ್ದರು. ಮೂರನೇ ದಿನ ನಾನು ಬಿದ್ದೆ. ಪ್ಯಾಂಟು ಮಂಡಿಯಲ್ಲಿ ಹರೀತು. "ಆಂಟಿ, ಭೂಕಂಪ!" ಅಂತ ಯಾವನೋ ಕೂಗಿದ. ಎಂಟು ದಿನ ನಾನು ಆ ಕಡೆ ತಲೆ ಹಾಕಲಿಲ್ಲ. ಆಮೇಲೆ ಬೆಳಗಿನ ಜಾವ ಐದು ಗಂಟೆಗೆ, ಕತ್ತಲಲ್ಲಿ ಹೋಗೋಕೆ ಶುರು ಮಾಡಿದೆ. ಕಪ್ಪು ಚೂಡಿದಾರ, ಮೇಲೆ ಕಪ್ಪು ಶಾಲು. ಒಂದು ವಾರ ಹಾಗೇ ನಡೀತು. ಒಂದಿನ ಶಾಲು ಚಕ್ರಕ್ಕೆ ಸಿಕ್ಕಿ ಮತ್ತೆ ಬಿದ್ದೆ. ನೆಲದ ಮೇಲೆ ಕೂತು ಶಾಲು ಬಿಡಿಸ್ಕೊಳ್ತಾ ಇರುವಾಗ ನಗು ಬಂತು. ಯಾರಿಂದ ಬಚ್ಚಿಟ್ಟುಕೊಳ್ತಾ ಇದ್ದೀನಿ? ಅಪ್ಪ ಅರಳಿಮರದ ಹತ್ರ ಇಳೀತಿದ್ದ, ನಾನು ಕತ್ತಲಿಗೆ ಇಳಿದಿದ್ದೆ, ಅಷ್ಟೇ ವ್ಯತ್ಯಾಸ. ಅಪ್ಪನಿಗಾದರೂ ಇಳಿಯದಿದ್ದರೆ ಏಟು ಬೀಳೋದು. ನನಗೇನು ಬೀಳುತ್ತೆ?

ಶಾಲು ಮನೆಯಲ್ಲಿ ಬಿಟ್ಟು, ಏಳೂವರೆಗೆ ಹೋದೆ. ಧೈರ್ಯ ಏನೂ ಬಂದಿರಲಿಲ್ಲ, ಹೊಟ್ಟೆಯಲ್ಲಿ ತಳಮಳ. ಮೊದಲ ದಿನ ಹುಡುಗರು ನಕ್ಕರು. ಎರಡನೇ ದಿನ ಕಮ್ಮಿ ನಕ್ಕರು. ನಾಲ್ಕನೇ ದಿನ ಒಬ್ಬ ಬಂದು, "ಆಂಟಿ, ಪಿಚ್ ಮೇಲೆ ಓಡಿಸ್ಬೇಡಿ, ಆ ಕಡೆ ಓಡಿಸಿ" ಅಂದ. ಅವತ್ತು ನನಗೆ ಎಷ್ಟು ಖುಷಿ ಆಯ್ತು ಅಂತ ಹೇಳೋಕಾಗಲ್ಲ. ನಾನು ತಮಾಷೆಯ ವಸ್ತು ಆಗಿರಲಿಲ್ಲ. ಅವರ ಪಿಚ್ ಹಾಳು ಮಾಡೋ ಒಬ್ಬ ಸಾಮಾನ್ಯ ತಲೆನೋವಾಗಿದ್ದೆ.

ಇನ್ನು ಯಾರೂ ಹೇಳದ ವಿಷಯಗಳು. ದಪ್ಪ ಇರೋರಿಗೆ ತೊಡೆ ಉಜ್ಜಿ ಉರಿ ಆಗುತ್ತೆ. ಕೊಬ್ಬರಿ ಎಣ್ಣೆಯೋ ವ್ಯಾಸ್ಲಿನ್ನೋ ಹಚ್ಚಿ, ಒಳಗೆ ಉದ್ದನೆಯ ಬಿಗಿ ಚಡ್ಡಿ ಹಾಕಿ. ಸೀಟಿನ ನೋವು ಮೊದಲ ಎರಡು ವಾರ ಎಲ್ಲರಿಗೂ ಇರುತ್ತೆ, ಸಣ್ಣ ಇರೋರಿಗೂ. ಬೆವರು ಬರುತ್ತೆ. ಬೆವರು ಅಂದ್ರೆ ನಾಚ್ಕೊಳ್ಳೋಕೆ ನಾವ್ಯಾರು? ನಮ್ಮ ಅಜ್ಜ ಅಜ್ಜಿಯರ ಬೆವರಿಲ್ಲದೆ ಈ ಸೀಮೆಯ ಒಂದು ಗದ್ದೆಯೂ ಬೆಳೆದಿಲ್ಲ.

ಈ ನಡುವೆ ಸಾಯಿನಾಥ್ ಅವರ ಪುಸ್ತಕವನ್ನ ಮತ್ತೆ ತೆಗೆದೆ. ಜಿ.ಎನ್. ಮೋಹನ್ ಕನ್ನಡಕ್ಕೆ ತಂದ 'ಬರ ಅಂದ್ರೆ ಎಲ್ಲರಿಗೂ ಇಷ್ಟ' ನಿಮ್ಮಲ್ಲಿ ಸುಮಾರು ಜನ ಓದಿರ್ತೀರ. ತಮಿಳುನಾಡಿನ ಪುದುಕೋಟೈ ಜಿಲ್ಲೆಯಲ್ಲಿ 1990ರ ದಶಕದ ಶುರುವಿನಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಹೆಂಗಸರಿಗೆ ಸೈಕಲ್ ಕಲಿಸಿದರು. ಶೀಲಾರಾಣಿ ಚುಂಕತ್ ಆಗ ಅಲ್ಲಿನ ಜಿಲ್ಲಾಧಿಕಾರಿ. ಕೂಲಿಯವರು, ಕಲ್ಲುಕ್ವಾರಿ ಕೆಲಸದವರು, ಅಂಗನವಾಡಿಯವರು, ಒಟ್ಟು ಒಂದು ಲಕ್ಷಕ್ಕೂ ಹೆಚ್ಚು ಹೆಂಗಸರು ಕಲಿತರು. ಲೇಡೀಸ್ ಸೈಕಲ್ ಸಿಗದೆ ಜೆಂಟ್ಸ್ ಸೈಕಲ್ಲೇ ಹತ್ತಿದರು. ಊರ ಗಂಡಸರು ಅಸಹ್ಯವಾಗಿ ಮಾತಾಡಿದರು, ಇವರು ಬೆಲ್ ಹೊಡ್ಕೊಂಡು ಹೋದರು. ಮೊದಲು ಓದಿದಾಗ ಅದು ನನಗೆ ಅಭಿವೃದ್ಧಿಯ ಸುದ್ದಿ ಆಗಿತ್ತು. ಈಗ ಓದುವಾಗ ಆ ಒಂದು ಲಕ್ಷ ಜನರಲ್ಲಿ ದಪ್ಪ ಇದ್ದವರು ಎಷ್ಟು ಜನ, ಬಾಣಂತಿಯರು ಎಷ್ಟು ಜನ, ಬಿದ್ದು ಸೀರೆ ಹರ್ಕೊಂಡವರು ಎಷ್ಟು ಜನ ಅಂತ ಯೋಚನೆ ಬಂತು.

ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಚಾಳೀಸ್‌ಗಾಂವ್ ಘಟನೆ ಇದೆಯಲ್ಲ, 1929ರದ್ದು. ಅಸ್ಪೃಶ್ಯರನ್ನ ಕೂರಿಸಿಕೊಂಡು ಟಾಂಗಾ ಹೊಡೆಯೋಕೆ ಟಾಂಗಾದವರು ಯಾರೂ ಒಪ್ಪಲಿಲ್ಲ. ನಮ್ಮ ನಾಯಕ ನಡ್ಕೊಂಡು ಬರಬಾರದು ಅಂತ ಮಹಾರ್ ಜನ ಟಾಂಗಾ ಮಾತ್ರ ಬಾಡಿಗೆಗೆ ತಂದು, ಯಾವತ್ತೂ ಓಡಿಸದ ತಮ್ಮವನೊಬ್ಬನ ಕೈಗೆ ಕೊಟ್ಟರು. ಸೇತುವೆ ಮೇಲೆ ಚಕ್ರ ಕಲ್ಲಿಗೆ ಬಡಿದು ಬಾಬಾಸಾಹೇಬರು ಕೆಳಗೆ ಬಿದ್ದು ಕಾಲು ಮುರ್ಕೊಂಡರು. ಭಾಷಣಗಳಲ್ಲಿ ನಾವು ಹೇಳೋದು ಟಾಂಗಾದವರ ಜಾತಿ ಅಹಂಕಾರ. ನನಗೀಗ ಆ ಓಡಿಸಿದ ಮನುಷ್ಯನೇ ನೆನಪಿಗೆ ಬರ್ತಾನೆ. ಓಡಿಸೋಕೆ ಬರದೇ ಇದ್ದದ್ದು ಅವನ ಮೈಯ ದೋಷ ಅಲ್ಲ. ಲಗಾಮು ಹಿಡಿಯೋ ಕೆಲಸ ಅವನ ಕೈಗೆ ಅಲ್ಲಿವರೆಗೂ ಬಂದೇ ಇರಲಿಲ್ಲ.

ಈ ಏಪ್ರಿಲ್ 14ಕ್ಕೆ ನಾನು ಸೈಕಲ್ ಮೇಲೆ ಹೋದೆ. ಎಲ್ಲರಿಗಿಂತ ಹಿಂದೆ ಇದ್ದೆ. ನೀಲಿ ಶರ್ಟ್ ಬೆವರಲ್ಲಿ ನೆನೆದು ಮೈಗೆ ಅಂಟಿಕೊಂಡಿತ್ತು. ಯಾರೋ ಫೋಟೋ ತೆಗೆದು ಗ್ರೂಪಿಗೆ ಹಾಕಿದರು. ಹೊಟ್ಟೆ ಕಾಣುತ್ತೆ, ತೋಳು ಕಾಣುತ್ತೆ. ಡಿಲೀಟ್ ಮಾಡಿ ಅಂತ ಟೈಪ್ ಮಾಡಿದವಳು ಕಳಿಸದೆ ಬಿಟ್ಟೆ. ಅದೇ ಈಗ ನನ್ನ ಡಿಪಿ.

ಜಾಥಾ ಮುಗಿದ ಮೇಲೆ ಲಾರಿ ಟೈರ್ ತಮ್ಮನ ಹತ್ರ ಮಾತಾಡಿದೆ. ನೀನು ಹಂಗಂದಿದ್ದು ನನಗೆ ನೋವಾಗಿತ್ತು ಅಂದೆ. "ಅಯ್ಯೋ ಅಕ್ಕ, ತಮಾಷೆಗೆ ಅಂದಿದ್ದು" ಅಂದ. ನಾನು ಒಂದೇ ಪ್ರಶ್ನೆ ಕೇಳಿದೆ: "ನಿನ್ನ ಆಫೀಸಲ್ಲಿ ನಿನ್ನ ಬಣ್ಣದ ಬಗ್ಗೆ, ನೀನು ತಿನ್ನೋದರ ಬಗ್ಗೆ ಮಾತಾಡ್ತಾರಲ್ಲ, ಕೇಳಿದರೆ ಅವರು ಏನಂತಾರೆ?" ಅವನು ಸುಮ್ಮನಾದ. ಈ ಪೋಸ್ಟ್ ಹಾಕ್ತೀನಿ, ನಿನ್ನ ಹೆಸರು ಹಾಕಲ್ಲ ಅಂತ ಹೇಳೇ ಹಾಕ್ತಾ ಇದ್ದೀನಿ. ಅವನೊಬ್ಬನ ಮಾತಲ್ಲ ಇದು. ನಮ್ಮ ಸಭೆಗಳಲ್ಲಿ ಕುಳ್ಳ, ಕರಿಯ, ಡುಮ್ಮಿ, ಕುಂಟ ಅಂತ ಎಷ್ಟು ಸಲೀಸಾಗಿ ಕರೀತೀವಿ. ನಾನೂ ಕರೆದಿದ್ದೀನಿ. ಮೈ ನೋಡಿ ಮನುಷ್ಯರಿಗೆ ಬೆಲೆ ಕಟ್ಟೋದನ್ನ ಹೊರಗೆ ವಿರೋಧಿಸಿ ಬಂದು, ಟೀ ಕುಡಿಯುವಾಗ ಅದನ್ನೇ ಮಾಡಿದರೆ ಹೇಗೆ? ಮುಂದಿನ ಸಭೆಯಲ್ಲಿ ಈ ವಿಷಯ ಇಡ್ತೀನಿ. ಸಿಟ್ಟು ಬಂದರೆ ಅಲ್ಲೇ ಬಂದು ಜಗಳ ಆಡಿ.

ಮೇ ತಿಂಗಳಲ್ಲಿ ಊರಿಗೆ ಹೋಗಿದ್ದೆ. ಅಣ್ಣನ ಮಗಳಿಗೆ ಎಂಟನೇ ಕ್ಲಾಸಲ್ಲಿ ಸರ್ಕಾರ ಕೊಟ್ಟ ಸೈಕಲ್ ಇನ್ನೂ ಮನೆಯಲ್ಲಿದೆ. ಅವಳು ದೊಡ್ಡ ಬೀದಿಯಲ್ಲಿ ಬೆಲ್ ಹೊಡ್ಕೊಂಡು ಹೋಗ್ತಾಳೆ, ಅವಳಿಗೆ ಅರಳಿಮರದ ಕತೆಯೇ ಗೊತ್ತಿಲ್ಲ. ಸಾಯಂಕಾಲ ನಾನೂ ಅದನ್ನ ತಗೊಂಡು ಹೊರಟೆ. ಅರಳಿಮರ ದಾಟಿದೆ. ಎದೆ ಡವಡವ ಅಂತಿತ್ತು. ಜಗಲಿ ಮೇಲೆ ಕೂತಿದ್ದ ಒಂದಿಬ್ಬರು ನೋಡಿದರು. ಯಾರೂ ಏನೂ ಅನ್ನಲಿಲ್ಲ. ಗುಡಿ ಹತ್ರ ಏರು ಇದೆ. ಚಿಕ್ಕವಳಿದ್ದಾಗ ಅದು ಏರು ಅಂತಲೇ ಗೊತ್ತಿರಲಿಲ್ಲ, ಯಾಕಂದ್ರೆ ಆ ಬೀದಿಯಲ್ಲಿ ನಾವು ನಡೆದೇ ಹೋಗ್ತಿದ್ದೆವು. ಅರ್ಧ ಏರು ತುಳಿದೆ, ಆಗಲಿಲ್ಲ. ಇಳಿದು ತಳ್ಕೊಂಡು ಹೋದೆ.

ರಾತ್ರಿ ಅಪ್ಪನಿಗೆ ಹೇಳಿದೆ. "ಗುಡಿ ಹತ್ರ ಇಳಿದುಬಿಟ್ಟೆ ಅಪ್ಪ."

ಅಪ್ಪನಿಗೆ ಈಗ 74. ಮುದ್ದೆ ಮುರೀತಿದ್ದವನು ಕೈ ನಿಲ್ಲಿಸಿ ನೋಡಿದ. "ಯಾಕವ್ವ? ಚೈನ್ ಬಿದ್ದೋಯ್ತಾ?"

"ಇಲ್ಲಪ್ಪ. ಉಸಿರು ಕಟ್ತು."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ನಕ್ಕ. "ಹಂಗಾದ್ರೆ ಸರಿ ಬುಡು" ಅಂದ.

ನನ್ನ ತೂಕ ಈಗಲೂ 92. ಕೇಳೋರಿಗೆ ಮೊದಲೇ ಹೇಳಿಬಿಡ್ತೀನಿ. ಅದನ್ನ ಇಳಿಸೋಕೆ ನಾನು ಸೈಕಲ್ ಹತ್ತಿದ್ದಲ್ಲ.

ಮೈಸೂರಿನಲ್ಲಿರೋ ನಮ್ಮ ಹೆಣ್ಣುಮಕ್ಕಳು, ಯಾವ ವಯಸ್ಸಿನವರಾದರೂ ಸರಿ, ಎಷ್ಟು ತೂಕದವರಾದರೂ ಸರಿ, ಕಲಿಯೋ ಆಸೆ ಇದ್ದರೆ ಇನ್‌ಬಾಕ್ಸಿಗೆ ಬನ್ನಿ. ಭಾನುವಾರ ಬೆಳಿಗ್ಗೆ ಏಳೂವರೆಗೆ ಹೋಗ್ತೀವಿ. ಸೈಕಲ್ ಇದೆ, ಪೆಡಲ್ ಬಿಚ್ಚೋ ಸ್ಪ್ಯಾನರ್ ಇದೆ. ಶಾಲು ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ.

ಜೈ ಭೀಮ್.